ಕೊಯ್ಯದೆ ಉಳಿದ ಫಿಲ್ಟರ್

ನನ್ನ ಹೆಂಡತಿ ತೀರಿಕೊಂಡ ಮೇಲೆ ಎಂಟು ತಿಂಗಳು ನಮ್ಮ ಕಾರಿನ ಎಣ್ಣೆ ಬದಲಿಸುವುದಕ್ಕೆ ನಾನು ಒಪ್ಪಲಿಲ್ಲ. ಇಂಜಿನ್ನಿನ ಎಣ್ಣೆ ಬದಲಿಸಿದರೆ ಆಯಿಲ್ ಫಿಲ್ಟರನ್ನೂ ಬದಲಿಸಬೇಕು. ಕೆಳಗೆ ಕೂತಿದ್ದ ಆ ಫಿಲ್ಟರನ್ನು ಅವಳು ತನ್ನ ಕೈಯಿಂದ ತಿರುವಿ ಬಿಗಿ ಮಾಡಿದ್ದಳು. ಮನೆಯಲ್ಲಿ ಅವಳು ಮಾಡಿಟ್ಟದ್ದೆಲ್ಲ ಒಂದೊಂದಾಗಿ ಮುಗಿಯುತ್ತಿತ್ತು. ಅವಳು ಹಾಕಿದ ಮಾವಿನಕಾಯಿ ಉಪ್ಪಿನಕಾಯಿ ತಿಂದು ಮುಗಿಯಿತು. ಅವಳು ಕಟ್ಟಿದ ಬಟ್ಟೆ ಒಣಹಾಕುವ ಹಗ್ಗ ಬಿಸಿಲಿಗೆ ಹರಿಯಿತು, ಬೇರೆ ಕಟ್ಟಿದೆ. ಅವಳ ಕೈ ಬಿಟ್ಟ ಹಾಗೆಯೇ ಇದ್ದದ್ದು ಆ ಫಿಲ್ಟರೊಂದೇ ಎಂದು ನನಗೆ ಅನಿಸುತ್ತಿತ್ತು.

ನಾನು ಧಾರವಾಡದ ಒಂದು ಸಣ್ಣ ಛಾಪಖಾನೆಯಲ್ಲಿ ಪುಸ್ತಕಗಳಿಗೆ ಬೈಂಡಿಂಗ್ ಮಾಡುವವನು. ಹತ್ತನೆಯ ಇಯತ್ತೆ ಮುಗಿಸಿ ಆ ಕೆಲಸಕ್ಕೆ ಕೂತವನು ಇನ್ನೂ ಎದ್ದಿಲ್ಲ. ಅವಳು ಅಮ್ಮಿನಬಾವಿಯ ಒಕ್ಕಲುತನದ ಮನೆಯವಳು. ನಮಗೆ ಮಕ್ಕಳಾಗಲಿಲ್ಲ. ಮದುವೆಯಾದ ಕೆಲವು ವರ್ಷಕ್ಕೆ ಅವಳು ಮನೆಯಲ್ಲಿ ಖಡಕ್ ರೊಟ್ಟಿ ಬಡಿದು ಮಾರಲು ಶುರು ಮಾಡಿದಳು. ಹುಬ್ಬಳ್ಳಿಯ ಮೂರು ಖಾನಾವಳಿಗಳಿಗೆ ದಿನಾ ಮುಂಜಾನೆ ರೊಟ್ಟಿ ಮುಟ್ಟಿಸಬೇಕು. ಬಸ್ಸಿನಲ್ಲಿ ಒಯ್ದರೆ ಜನರ ನೂಕಾಟದಲ್ಲಿ ಅರ್ಧ ರೊಟ್ಟಿ ಮುರಿಯುತ್ತಿದ್ದವು. ಅದಕ್ಕೆ ಒಂದು ಹಳೆಯ ಕಾರು ಕೊಂಡೆವು. ನನ್ನ ಎಡಗಣ್ಣು ಸಣ್ಣಂದಿನಿಂದ ಮಂದ. ಹೀಗಾಗಿ ಗಾಡಿ ನಡೆಸುವುದನ್ನು ಅವಳೇ ಕಲಿತಳು. ಲಕಮನಹಳ್ಳಿಯಲ್ಲಿ ಸ್ವಂತ ಗ್ಯಾರೇಜು ಇಟ್ಟುಕೊಂಡಿದ್ದ ನನ್ನ ಗೆಳೆಯನೊಬ್ಬ ಕಲಿಸಿದ. ನನ್ನನ್ನು ಅಣ್ಣಾ ಎನ್ನುವವನು, ಅವಳನ್ನು ವೈನಿ ಎನ್ನುತ್ತಿದ್ದ.

ಹಿಂದಿನ ಸೀಟಿನಲ್ಲಿ ಬಿಳಿ ಬಟ್ಟೆ ಸುತ್ತಿದ ರೊಟ್ಟಿಯ ಬುಟ್ಟಿಗಳು, ಮುಂದೆ ನಾವಿಬ್ಬರು. ರಜೆಯ ದಿನ ನಾನೂ ಹೋಗುತ್ತಿದ್ದೆ. ರೊಟ್ಟಿಯ ಬಿಸಿಗೆ ಕಾರಿನ ಗಾಜುಗಳು ಮಂಜಾಗುತ್ತಿದ್ದವು. ಅವಳು ಸೆರಗಿನ ತುದಿಯಿಂದ ಒರೆಸುತ್ತ, "ನೀವು ಕುಂತು ಏನ್ ಮಾಡ್ತೀರಿ, ಒರಸ್ರಿ," ಎನ್ನುವಳು. ನಾನು ಒರೆಸುವುದರೊಳಗೆ ಮತ್ತೆ ಮಂಜು.

ಒಂದು ದಿನ ನವಲೂರು ದಾಟಿದ ಮೇಲೆ ಇಂಜಿನ್ನಿನಲ್ಲಿ ಟಕಟಕ ಸಪ್ಪಳ ಬಂತು. ಎದುರಿಗೆ ಎಣ್ಣೆಯ ಕೆಂಪು ದೀಪ ಹತ್ತಿತು. ಅವಳು ತಕ್ಷಣ ಗಾಡಿ ಬದಿಗೆ ಹಾಕಿ ಬಂದ್ ಮಾಡಿದಳು. ಅದರಿಂದಲೇ ಇಂಜಿನ್ ಉಳಿಯಿತು ಎಂದು ಗೆಳೆಯ ಆಮೇಲೆ ಹೇಳಿದ. ಅವನು ಫಿಲ್ಟರ್ ಬಿಚ್ಚಿ ಹ್ಯಾಕ್ಸಾ ಬ್ಲೇಡಿನಿಂದ ಅದರ ತಗಡಿನ ಡಬ್ಬಿಯನ್ನು ಕೊಯ್ದ. ಒಳಗೆ ಇಂಜಿನ್ನಿನ ಎಣ್ಣೆಯನ್ನು ಸೋಸುವ ನಿರಿಗೆ ನಿರಿಗೆಯ ಕಾಗದವಿರಬೇಕು. ಅದು ಬಿಟ್ಟುಕೊಂಡು ಮುದ್ದೆಯಾಗಿ ಒಂದು ಮೂಲೆಗೆ ಕೂತಿತ್ತು.

"ಇದ ಏನು ಫಿಲ್ಟರ್ ರೀ ಅಣ್ಣಾರ? ಚಾ ಸೋಸೋ ಅರಬಿ ಇದಕ್ಕಿಂತ ಛಲೋ," ಎಂದ. ಆಮೇಲೆ ತಲೆ ತಗ್ಗಿಸಿ, "ನಾನ ಹಾಕಿದ್ದು ವೈನಿ. ಡಬ್ಬಿ ನೋಡಿ ಹಾಕೇನಿ. ಕಂಪನಿ ಡಬ್ಬಿನ ಇತ್ತು," ಎಂದ.

ಅವಳು ಸಿಟ್ಟು ಮಾಡಲಿಲ್ಲ. "ಮನಿ ಬಣ್ಣಾ ನೋಡಿ ಯಾರರ ಹೆಣ್ಣು ಕೊಡ್ತಾರೇನು?" ಎಂದಳು.

ಡಬ್ಬಿಯ ವಿಷಯ ನನಗೆ ಗೊತ್ತಿತ್ತು. ನಮ್ಮ ಛಾಪಖಾನೆಯಲ್ಲಿ ಊದಿನಕಡ್ಡಿಗೆ, ಸಾಬೂನಿಗೆ, ಮುಲಾಮಿಗೆ ಡಬ್ಬಿ ಛಾಪಿಸುತ್ತೇವೆ. ಒಂದು ಮಾದರಿ ತಂದುಕೊಟ್ಟರೆ ಅಂಥದ್ದೇ ಎಷ್ಟು ಬೇಕಾದರೂ ಛಾಪಿಸಬಹುದು. ಹೊಳೆಯುವ ಚೀಟಿಯನ್ನೂ ಅಂಟಿಸಬಹುದು. ಮಾಲಿಗಿಂತ ಮಾಲಿನ ಡಬ್ಬಿ ಮಾಡುವುದು ಸಸಾರ. ಇದನ್ನು ಅವಳಿಗೆ ಅಂದು ಮನೆಗೆ ಬರುವಾಗ ಹೇಳಿದೆ. ಅವಳು, "ಹಂಗಾದ್ರ ಜ್ವಾಳದ್ದ ಲೆಕ್ಕಾ ಮಾಡಬೇಕು," ಎಂದಳು.

ಜೋಳದ ಲೆಕ್ಕ ಎಂದರೆ ಇಷ್ಟು. ಜೋಳದ ಚೀಲ ಕೊಳ್ಳುವ ಮುಂಚೆ ಅವಳು ಮಾರ್ಕೆಟ್ ಯಾರ್ಡಿನ ವ್ಯಾಪಾರಿಯಿಂದ ಎರಡು ಹಿಡಿ ಕಾಳು ಕೇಳಿ ತರುತ್ತಿದ್ದಳು. ಬೀಸುಕಲ್ಲಿನಲ್ಲಿ ಬೀಸಿ, ಎಸರು ಹಾಕಿ ನಾದಿ, ಒಂದೇ ಒಂದು ರೊಟ್ಟಿ ಬಡಿದು ನೋಡುವಳು. ಹಿಟ್ಟಿಗೆ ಜಿಗಿ ಇದ್ದು ರೊಟ್ಟಿ ಅಂಚು ಬಿರಿಯದೆ ಬಂದರೆ ಚೀಲ ಕೊಳ್ಳುವಳು. ಇಲ್ಲದಿದ್ದರೆ ಇಲ್ಲ. ಕಾಳಿನ ಬಣ್ಣ ನೋಡಿ ಕೊಳ್ಳುವವರನ್ನು ಕಂಡರೆ ಅವಳಿಗೆ ನಗು.

ಮುಂದಿನ ಸಲ ಫಿಲ್ಟರ್ ಕೊಳ್ಳಲು ಹುಬ್ಬಳ್ಳಿಯ ಬಿಡಿಭಾಗಗಳ ಅಂಗಡಿಗೆ ಅವಳೇ ಹೋದಳು. ನಾನು ಜೊತೆಗಿದ್ದೆ. ಒಂದೇ ಥರದ ಎರಡು ಫಿಲ್ಟರ್ ಕೊಂಡಳು. ಚೀಲದಿಂದ ಬ್ಲೇಡು ತೆಗೆದು, ಅಂಗಡಿಯ ಕಟ್ಟೆಯ ಮೇಲೆಯೇ ಒಂದನ್ನು ಕೊಯ್ಯಲು ಕೂತಳು.

ಅಂಗಡಿಯವನು ಗಾಬರಿಯಾದ. "ಅಕ್ಕಾರ, ಅಕ್ಕಾರ, ಏನ್ ಮಾಡಾಕತ್ತೀರಿ? ಇದೇನು ಕಲ್ಲಂಗಡಿ ಹಣ್ಣೇನ್ರಿ ಕೊಯ್ದು ನೋಡಾಕ?"

"ಕಲ್ಲಂಗಡಿ ಕೆಟ್ಟ್ರ ಒಂದ ಹೊತ್ತು ಹೊಟ್ಟಿ ಕೆಡತೈತ್ರಿ. ಇದು ಕೆಟ್ಟ್ರ ನನ್ನ ಗಾಡಿ ರಸ್ತೇದಾಗ ನಿಂದರತೈತಿ. ಕೊಂಡೇನಿಲ್ರಿ? ನಂದು ನಾ ಕೊಯ್ಕೋತೇನಿ."

"ಕೊಯ್ಕೊಳ್ರಿ, ಆದ್ರ ಮನ್ಯಾಗ ಹೋಗಿ ಕೊಯ್ಕೊಳ್ರಿ. ಬಂದ ಗಿರಾಕಿ ನೋಡಿದ್ರ ಏನಂತಾರ?"

"ಮಾಲು ಛಲೋ ಇದ್ರ, ಛಲೋ ಐತಿ ಅಂತಾರ," ಎಂದಳು. ಪಕ್ಕದಲ್ಲಿ ನಿಂತಿದ್ದ ಒಬ್ಬ ಲಾರಿ ಡ್ರೈವರ್ ಜೋರಾಗಿ ನಕ್ಕ. ಅಂಗಡಿಯವನಿಗೂ ನಗು ಬಂತು. ನನಗೆ ಮಾತ್ರ ನಾಚಿಕೆಯಾಗಿ ರಸ್ತೆಯ ಕಡೆ ನೋಡುತ್ತ ನಿಂತಿದ್ದೆ. ಅಲ್ಲಿ ನಿಂತು ಅವಳನ್ನು ನೋಡಬೇಕಿತ್ತು ಎಂದು ಈಗ ಅನಿಸುತ್ತದೆ.

ಆಮೇಲೆ ಕೊಯ್ಯುವ ಕೆಲಸ ಮನೆಗೆ ಬಂತು. ಎರಡು ತರುವುದು, ಒಂದನ್ನು ಕೊಯ್ದು ನೋಡುವುದು, ಇನ್ನೊಂದನ್ನು ಹಾಕುವುದು. ಗೆಳೆಯನ ಹತ್ತಿರ ಕೂತು ಫಿಲ್ಟರ್ ಹಾಕುವುದನ್ನೂ ಅವಳು ಕಲಿತಳು. ಅದರ ರಬ್ಬರಿಗೆ ಸ್ವಲ್ಪ ಎಣ್ಣೆ ಸವರಿ, ಮುಟ್ಟುವ ತನಕ ತಿರುವಿ, ಆಮೇಲೆ ಮುಕ್ಕಾಲು ಸುತ್ತು ಬರೀ ಕೈಯಿಂದ. ಪಾನ, ಅಂದರೆ ಸ್ಪ್ಯಾನರು, ಹಚ್ಚಬಾರದು.

ಕೊಯ್ದದ್ದನ್ನು ಅವಳು ನನ್ನ ಮುಂದೆ ತಂದಿಡುತ್ತಿದ್ದಳು. ಮಧ್ಯಾಹ್ನದ ಊಟವಾದ ಮೇಲೆ, ಹಿತ್ತಲ ಬಾಗಿಲಿನ ಬೆಳಕಿನಲ್ಲಿ. "ಹಿಟ್ಟು ನನಗ ತಿಳೀತೈತಿ, ಕಾಗದ ನಿಮಗ ತಿಳೀತೈತಿ. ಹೇಳ್ರಿ," ಎನ್ನುವಳು. ನಾನು ಕಾಗದವನ್ನು ಬಿಡಿಸಿ ಬೆಳಕಿಗೆ ಹಿಡಿಯುತ್ತಿದ್ದೆ. ನಿರಿಗೆಗಳು ಒಂದೇ ಅಂತರದಲ್ಲಿ ಇವೆಯೇ ನೋಡುತ್ತಿದ್ದೆ. ಕಿವಿಯ ಹತ್ತಿರ ಮಡಚಿ ಸಪ್ಪಳ ಕೇಳುತ್ತಿದ್ದೆ. ಎಣ್ಣೆಯಲ್ಲಿ ಬಾಳಬೇಕಾದ ಕಾಗದಕ್ಕೆ ಅಂಟು ಕುಡಿಸಿರುತ್ತಾರೆ. ಮಡಚಿದರೆ ಒಣ ಎಲೆಯ ಹಾಗೆ ಗಟ್ಟಿಯಾಗಿ ಸದ್ದು ಮಾಡುತ್ತದೆ. ಕಾಗದ ಕೂಡುವ ಜೋಡು ಬಿಟ್ಟಿದೆಯೇ, ತುದಿಗಳು ಮುಚ್ಚಳಕ್ಕೆ ಸುತ್ತಲೂ ಅಂಟಿವೆಯೇ ಎಂದು ಉಗುರಿನಿಂದ ಎಬ್ಬಿಸಿ ನೋಡುತ್ತಿದ್ದೆ. ಪುಸ್ತಕದ ಬೆನ್ನು ನೋಡುವುದೂ ಹೀಗೆಯೇ. ಅಷ್ಟು ಹೊತ್ತು ಅವಳು ಮೊಣಕಾಲು ಕಟ್ಟಿಕೊಂಡು ಎದುರಿಗೆ ಕೂತಿರುತ್ತಿದ್ದಳು. ನನ್ನ ಕೆಲಸವನ್ನು ಅಷ್ಟು ಲಕ್ಷ್ಯಕೊಟ್ಟು ನೋಡಿದವರು ಬೇರೆ ಯಾರೂ ಇಲ್ಲ.

"ಪಾಸು?" ಎಂದು ಕೇಳುವಳು.

"ಪಾಸು."

ಎದ್ದು ಹೋಗಿ ಇನ್ನೊಂದನ್ನು ಗಾಡಿಗೆ ಹಾಕುವಳು.

ಹೀಗೆ ಹತ್ತು ವರ್ಷ ನಡೆಯಿತು. ಕೊಯ್ದವು ಎಲ್ಲವೂ ಚೆನ್ನಾಗಿಯೇ ಇದ್ದವು. ಕೊನೆಯ ಸಲ ಮಾತ್ರ ನಾನು ಬೇಸತ್ತಿದ್ದೆ. ಶಾಲೆಗಳು ಶುರುವಾಗುವ ಹೊತ್ತು, ನೋಟ್‌ಬುಕ್ಕುಗಳ ಕೆಲಸ ತಲೆಯ ಮೇಲಿತ್ತು. ಬೆರಳುಗಳು ನೋಯುತ್ತಿದ್ದವು. ಅವಳು ಎರಡು ಫಿಲ್ಟರ್ ಹಿಡಿದು ಬಂದು ನಿಂತಾಗ, "ಈ ಸಲ ಬ್ಯಾಡ ಬಿಡು," ಎಂದೆ. "ಇಷ್ಟ ವರ್ಷ ಅದ ಅಂಗಡ್ಯಾಗ ತಂದೀವಿ. ಒಂದರ ಕೆಟ್ಟ ಬಂದೈತೇನು? ಸುಮ್ನ ಒಂದು ಹಾಳ ಮಾಡೂದು. ಎಲ್ಲೋ ಒಂದ ಕಡೆ ನಂಬಬೇಕು."

"ನೀವ ಹೇಳ್ತೀರಿ?"

"ನಾನ ಹೇಳ್ತೇನಿ."

ಅವಳು ಒಂದನ್ನು ಅಡುಗೆಮನೆಯ ಗೋಡೆಯ ಮಾಡದಲ್ಲಿ ಇಟ್ಟು, ಇನ್ನೊಂದನ್ನು ತೆಗೆದುಕೊಂಡು ಗಾಡಿಯ ಕಡೆ ಹೋದಳು. ಅರ್ಧ ತಾಸಿಗೆ ಒಳಗೆ ಬಂದು ಮೊಣಕೈ ತನಕ ಜೋಳದ ತೌಡು ತಿಕ್ಕಿ ಎಣ್ಣೆಯ ಕರಿ ತೊಳೆದುಕೊಂಡಳು. ನಾನು ನೋಟ್‌ಬುಕ್ಕು ಹೊಲಿಯುತ್ತಿದ್ದೆ.

ಮಳೆಗಾಲ ಮುಗಿಯುವ ಮುಂಚೆ ಜ್ವರ ಬಂತು. ಡೆಂಗಿ ಎಂದರು. ಆರನೆಯ ದಿನ ಅವಳಿರಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ರೊಟ್ಟಿಯ ಕೆಲಸವನ್ನು ಅವಳ ತಂಗಿ ಮುಂದುವರಿಸಿದಳು. ನಮ್ಮ ಮನೆಯಿಂದ ಎರಡು ಓಣಿ ಆಚೆ ಅವಳ ಮನೆ. ಮೊದಲಿನಿಂದಲೂ ಅಕ್ಕನ ಜೊತೆ ಕೂತು ರೊಟ್ಟಿ ಬಡಿಯುತ್ತಿದ್ದಳು, ಅಕ್ಕನಿಂದಲೇ ಗಾಡಿ ಕಲಿತಿದ್ದಳು. ಈಗ ದಿನಾ ಅವಳೇ ಹುಬ್ಬಳ್ಳಿಗೆ ಹೋಗಿ ಬರುತ್ತಾಳೆ. ನನಗೆ ಎರಡು ಹೊತ್ತು ಊಟ ಅವಳದೇ.

"ಮಾಮಾರ, ಎಣ್ಣಿ ಕರ್ರಗ ಆಗೇತ್ರಿ. ಗ್ಯಾರೇಜಿಗೆ ಬಿಡೂಣೇನ್ರಿ?" ಎಂದು ಅವಳು ಸಂಕ್ರಾಂತಿಯ ಸುಮಾರಿಗೆ ಕೇಳಿದಳು.

"ಬಿಡೂಣಂತ," ಎಂದೆ.

ಯುಗಾದಿಗೆ ಮತ್ತೆ ಕೇಳಿದಳು. "ಬಿಡೂಣಂತ ತಡಿ," ಎಂದೆ. ಅವಳಿಗೆ ಕಾರಣ ಹೇಳಲಿಲ್ಲ. ಹೇಳಿದರೆ ಅಳುತ್ತಾಳೆ ಎಂಬ ಹೆದರಿಕೆ. ಅದಕ್ಕಿಂತ ಹೆಚ್ಚಾಗಿ, ನಕ್ಕುಬಿಟ್ಟರೆ ಎಂಬ ಹೆದರಿಕೆ.

ಅವಳು ಹೋಗಿ ನನ್ನ ಗೆಳೆಯನಿಗೆ ಹೇಳಿದಳು. ಅವನು ಒಂದು ಸಂಜೆ ಮನೆಗೆ ಬಂದ. ಚಹಾ ಕುಡಿದ. ಆ ಮಾತು ಈ ಮಾತು ಆಡಿದ. ಕೊನೆಗೆ ನನ್ನ ಮುಖ ನೋಡದೆ, "ಅಣ್ಣಾರ, ನನಗ ತಿಳೀತೈತ್ರಿ," ಎಂದ. "ನಮ್ಮವ್ವ ಸತ್ತಾಗ ಆಕಿ ಹಾಕಿದ ಬೀಗ ನಾ ವರ್ಷಗಟ್ಲೆ ತಗೀಲಿಲ್ಲ. ಆದ್ರ ಇದು ಓಡೂ ಗಾಡಿ. ಒಳಗಿನ ಫಿಲ್ಟರ್ ಖರೇನ ಛಲೋದಿದ್ರ ಇನ್ನೊಂದು ತಿಂಗಳು ಹೆಂಗರ ತಡೀತೈತಿ. ಕೊಯ್ದು ನೋಡಿದ್ರಿಲ್ಲೋ ಅದರ ಜೋಡಿದು?"

"ನೋಡಿ ಹೇಳ್ತೇನಿ," ಎಂದೆ.

ಮರುದಿನ ಮಧ್ಯಾಹ್ನ ಮಾಡದಿಂದ ಆ ಫಿಲ್ಟರ್ ತೆಗೆದೆ. ಡಬ್ಬಿಯ ಮೇಲೆ ಹಿಟ್ಟಿನ ಧೂಳು ಕೂತಿತ್ತು. ತಗಡು ಕೊಯ್ಯುವುದು ನನಗೆ ಗೊತ್ತಿಲ್ಲದ ಕೆಲಸ. ಬ್ಲೇಡು ಜಾರಿ ಎರಡು ಸಲ ಬೆರಳು ಕತ್ತರಿಸಿತು. ಮನಸ್ಸಿನಲ್ಲಿ ಒಂದೇ ಆಸೆ ಇತ್ತು. ಇದು ಪಾಸಾದರೆ ಗಾಡಿಯ ಕೆಳಗಿನದೂ ಪಾಸು. ಕೆಳಗಿನದು ಪಾಸಾದರೆ ಇನ್ನೊಂದು ತಿಂಗಳು ಅದನ್ನು ಯಾರೂ ಮುಟ್ಟಬೇಕಿಲ್ಲ.

ಡಬ್ಬಿ ತೆರೆದು ಕಾಗದ ಮುಟ್ಟಿದ ಕೂಡಲೇ ಗೊತ್ತಾಯಿತು. ಬೆಳಕಿಗೆ ಹಿಡಿಯುವ ಅಗತ್ಯವೇ ಇರಲಿಲ್ಲ. ರದ್ದಿ ಕಾಗದದಂತೆ ಮೆತ್ತಗಿತ್ತು. ಮಡಚಿದರೆ ಸಪ್ಪಳವಿಲ್ಲ. ನಿರಿಗೆಗಳು ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಬೆರಳು ತೂರುವಷ್ಟು ಅಗಲವಾಗಿದ್ದವು. ಮುಚ್ಚಳಕ್ಕೆ ಅಂಟು ಅರ್ಧ ಸುತ್ತು ಮಾತ್ರ. ಉಗುರು ತಾಗಿಸಿದರೆ ಇಡೀ ಕಾಗದ ಕೈಗೆ ಬಂತು.

ಹಿತ್ತಲ ಬಾಗಿಲಲ್ಲಿ ಅದನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ನನ್ನ ಮಾತು ನಂಬಿ ಅವಳು ಇಂಥದ್ದನ್ನು ಗಾಡಿಗೆ ಹಾಕಿದಳು. ತನ್ನ ಕೊನೆಯ ಮೂರು ತಿಂಗಳು ಇದರ ಮೇಲೆಯೇ ಹುಬ್ಬಳ್ಳಿಗೆ ಹೋಗಿ ಬಂದಳು. ಈಗ ಅವಳ ತಂಗಿ ನಸುಕಿನಲ್ಲಿ ಒಬ್ಬಳೇ ಅದೇ ರಸ್ತೆಯಲ್ಲಿ ಹೋಗುತ್ತಾಳೆ, ಲಾರಿಗಳ ನಡುವೆ. ಗಾಡಿ ಕೆಟ್ಟು ಅವಳು ಅಲ್ಲಿ ನಿಲ್ಲುವಂತೆ ಮಾಡಿಯಾದರೂ ನಾನು ಇಟ್ಟುಕೊಳ್ಳಬೇಕಾದಂಥದ್ದು ಏನೂ ಇಲ್ಲ. ಸಂಜೆ ಅವಳು ಊಟ ತಂದಾಗ, "ನಾಳಿ ಗ್ಯಾರೇಜಿಗೆ ಹೋಗೂಣು," ಎಂದೆ. ಕಾರಣವನ್ನೂ ಹೇಳಿದೆ. ಅವಳು ನಗಲಿಲ್ಲ. ಅಳಲೂ ಇಲ್ಲ. "ಮೊದಲ ಹೇಳಬಾರದೇನ್ರಿ ಮಾಮಾ," ಎಂದು ತಾಟು ಮುಂದೆ ಸರಿಸಿದಳು.

ಗ್ಯಾರೇಜಿನಲ್ಲಿ ಗೆಳೆಯ ಹಳೆಯ ಎಣ್ಣೆ ಇಳಿಸಿ, ಫಿಲ್ಟರಿಗೆ ಕೈ ಹಾಕುವ ಮುಂಚೆ ನನ್ನ ಕಡೆ ನೋಡಿದ. "ನಾ ಬಿಚ್ಚಲೇನು?" ಎಂದು ಕೇಳಿದೆ. ಅವನು ಒಂದು ಗೋಣಿಚೀಲ ಹಾಸಿ ಜಾಗ ಬಿಟ್ಟ. ಆ ಕಾರಿನ ಕೆಳಗೆ ನಾನು ಮಲಗಿದ್ದು ಅದೇ ಮೊದಲು. ಅವಳು ಎಷ್ಟೋ ಸಲ ಹೀಗೆ ಮಲಗಿದ್ದಾಳೆ, ಇದೇ ಕಬ್ಬಿಣದ ವಾಸನೆ, ಕಣ್ಣಿನ ಮೇಲೆ ಬೀಳುವ ಇದೇ ಮಣ್ಣು. ಫಿಲ್ಟರನ್ನು ಅಂಗೈಯಲ್ಲಿ ಹಿಡಿದೆ. ಅವಳ ಬೆರಳುಗಳು ಕೂತಿದ್ದ ಜಾಗದಲ್ಲಿ ನನ್ನ ಬೆರಳು. ತಿರುವಿದೆ. ಅಲುಗಲಿಲ್ಲ. ಎರಡೂ ಕೈ ಹಾಕಿದೆ. ಆಗಲೂ ಇಲ್ಲ.

"ಆಗೂದಿಲ್ರಿ ಅದು," ಎಂದು ಗೆಳೆಯ ಮೇಲಿನಿಂದ ಹೇಳಿದ. "ರೊಟ್ಟಿ ಬಡದ ಕೈ ರೀ. ನಿಮ್ಮದು ಹಾಳಿ ಮಗಚೂ ಕೈ." ಅವಳ ತಂಗಿ ಆಗ ನಕ್ಕಳು. ಕಾರಿನ ಕೆಳಗೆ ನನಗೂ ನಗು ಬಂತು. ನಗು ಬಂದ ಮೇಲೆ ಕಣ್ಣೀರು ತಡೆಯಲಾಗಲಿಲ್ಲ. ಅವರಿಗೆ ಕಾಣುವಂತಿರಲಿಲ್ಲ.

ಕೊನೆಗೆ ಗೆಳೆಯನೇ ಪಟ್ಟಿಯ ಪಾನ ಹಾಕಿ ಸಡಿಲು ಮಾಡಿದ. ಆಮೇಲೆ ನಾನೇ ತಿರುವಿ ಬಿಚ್ಚಿದೆ. ಉಳಿದಿದ್ದ ಎಣ್ಣೆ ಮೊಣಕೈ ತನಕ ಇಳಿಯಿತು.

"ಕೊಯ್ಯಲೇನ್ರಿ?" ಎಂದ. ಕೊಯ್ಯಿ ಎಂದೆ. ನನ್ನ ತಪ್ಪು ಎಷ್ಟು ದೊಡ್ಡದು ಎಂದು ನೋಡಬೇಕಿತ್ತು. ಅವನು ಕೊಯ್ದು, ಎಣ್ಣೆ ಬಸಿದು, ಒಳಗಿನದನ್ನು ಒಂದು ತಗಡಿನ ಮೇಲೆ ನನ್ನ ಮುಂದೆ ಇಟ್ಟ.

ಕಾಗದ ಕಪ್ಪಾಗಿತ್ತು, ಆದರೆ ಒಂದು ನಿರಿಗೆಯೂ ಕದಲಿರಲಿಲ್ಲ. ಎಲ್ಲವೂ ಒಂದೇ ಅಂತರ. ಜೋಡು ಗಟ್ಟಿ. ಉಗುರು ಹಾಕಿ ಎಬ್ಬಿಸಿದರೂ ಮುಚ್ಚಳ ಬಿಡಲಿಲ್ಲ. ಅಷ್ಟು ತಿಂಗಳು ಎಣ್ಣೆಯಲ್ಲಿ ನೆಂದರೂ ಮಡಚಿದಾಗ ಗಟ್ಟಿಯಾಗಿಯೇ ಇತ್ತು. ಹತ್ತು ವರ್ಷದಲ್ಲಿ ನಾನು ನೋಡಿದ್ದರಲ್ಲಿ ಇದರಷ್ಟು ಒಳ್ಳೆಯದು ಇರಲಿಲ್ಲ.

"ಎರಡೂ ಒಂದ ದಿನ ತಂದದ್ದೇನ್ರಿ?" ಎಂದು ಗೆಳೆಯ ಕೇಳಿದ.

"ಒಂದ ದಿನ, ಒಂದ ಅಂಗಡಿ."

"ಹಂಗಾದ್ರ ಒಂದ ಕಪಾಟಿನ್ಯಾಗ ಎರಡೂ ನಮೂನಿ ಕುಂತಿರ್ತಾವ." ಅವನು ತಲೆ ಕೆರೆದುಕೊಂಡ. "ಅಣ್ಣಾರ, ಹಂಗಾದ್ರ ಹತ್ತ ವರ್ಷ ನೀವು ಛಲೋದನ್ನ ಕೊಯ್ದು, ಕೆಟ್ಟದ್ದನ್ನ ಹಾಕಿರಬೇಕಲ್ರಿ!"

ಈ ಮಾತು ಕೇಳಿದ ಕೂಡಲೇ ನನಗೆ ಅವಳು ಬೇಕೆನಿಸಿತು. ಎಂಟು ತಿಂಗಳಿಂದ ಬೇಕೆನಿಸಿದ್ದೇ ಬೇರೆ, ಇದೇ ಬೇರೆ. ಅದು ಬಾಧೆಯ ಹಾಗೆ ಸದಾ ಇರುವಂಥದ್ದು. ಇದು, ಈಗಲೇ ಮನೆಗೆ ಓಡಿ ಹೋಗಿ ಒಂದು ಸುದ್ದಿ ಹೇಳಬೇಕು ಎನ್ನುವಂಥದ್ದು. ಹಿಟ್ಟಿನ ಕೈಯಲ್ಲಿ ಅವಳು ಬಾಗಿಲಿಗೆ ಬರಬೇಕು, ನಾನು ಹೇಳಬೇಕು, ಅವಳು ನನ್ನನ್ನು ಬೈಯಬೇಕು. ಒಂದು ಕಾಳು ಚೀಲಕ್ಕೆಲ್ಲ ಸಾಕ್ಷಿ ಹೇಳುತ್ತದೆಯೇ ಇಲ್ಲವೇ ಎಂದು ನಾವಿಬ್ಬರೂ ಸಂಜೆಯ ತನಕ ಜಗಳ ಆಡಬೇಕು. ಆ ಜಗಳಕ್ಕೆ ಬೇಕಾದ ಇನ್ನೊಬ್ಬರು ಈ ಊರಿನಲ್ಲಿ ಇಲ್ಲ.

ಗೆಳೆಯ ಹೊಸ ಫಿಲ್ಟರುಗಳನ್ನು ತಂದು ಇಟ್ಟ. ಬೇರೆ ಅಂಗಡಿಯಿಂದ ತರಿಸಿದ್ದ. ನಮ್ಮ ರೂಢಿ ಗೊತ್ತಿದ್ದರಿಂದ ಎರಡು.

ಅವಳ ತಂಗಿ ಬ್ಲೇಡು ಕೈಗೆ ತೆಗೆದುಕೊಂಡು ನನ್ನ ಮುಖ ನೋಡಿದಳು. "ಯಾವುದು ಕೊಯ್ಯೂದು, ಯಾವುದು ಹಾಕೂದ್ರಿ ಮಾಮಾ?"

ಹತ್ತು ವರ್ಷ ಕೊಯ್ದದ್ದನ್ನು ನನ್ನ ಹೆಂಡತಿ ನನ್ನ ಮುಂದೆ ತಂದಿಟ್ಟಳು, ಉಳಿದದ್ದನ್ನು ಗಾಡಿಗೆ ಹಾಕಿದಳು. ಎರಡರಲ್ಲಿ ಒಂದನ್ನು ಹೇಗೆ ಆರಿಸುತ್ತಿದ್ದಳು? ತೂಗಿ ನೋಡುತ್ತಿದ್ದಳೇ? ಅಲುಗಿಸಿ ಕೇಳುತ್ತಿದ್ದಳೇ? ಕೈಗೆ ಮೊದಲು ಸಿಕ್ಕದ್ದನ್ನೇ ಕೊಯ್ಯುತ್ತಿದ್ದಳೇ? ಕೊನೆಯ ಸಲ ಏನನ್ನೂ ಕೊಯ್ಯದೆ, ಎರಡರಲ್ಲಿ ಒಳ್ಳೆಯದನ್ನೇ ಗಾಡಿಗೆ ಒಯ್ದಳಲ್ಲ, ಅದು ಅದೃಷ್ಟವೋ, ಅವಳಿಗೆ ಗೊತ್ತಿತ್ತೋ? ನಾನು ಕೇಳಲಿಲ್ಲ. ಕಾಗದವನ್ನಷ್ಟೇ ನೋಡುತ್ತಿದ್ದೆ.

"ಅಕ್ಕ ಹೆಂಗ ಆರಸ್ತಿದ್ದಳು, ನಿನಗರ ಗೊತ್ತೇನು?" ಎಂದು ಕೇಳಿದೆ.

"ನಾ ಎಲ್ಲಿ ನೋಡೇನ್ರಿ? ಅದು ನಿಮ್ಮಿಬ್ಬರ ಕೆಲಸ ಅಂತ ನಾ ಆ ಕಡೆ ಬರ್ತಿರಲಿಲ್ಲ."

ಗೆಳೆಯ ಕಾಯುತ್ತಿದ್ದ. ಒಂದೊಂದು ಕೈಯಲ್ಲಿ ಒಂದೊಂದು ಫಿಲ್ಟರ್ ಹಿಡಿದೆ. ಕಣ್ಣು ಮುಚ್ಚಿ ತೂಗಿದೆ. ಎರಡೂ ಒಂದೇ ತೂಕ, ಒಂದೇ ತಣ್ಣನೆಯ ತಗಡು. ಅವಳ ಕೈಗೆ ತಿಳಿದಿರಬಹುದಾದದ್ದು ನನ್ನ ಕೈಗೆ ತಿಳಿಯಲಿಲ್ಲ. ಆದರೂ ಹಾಗೆಯೇ ಹಿಡಿದುಕೊಂಡು ನಿಂತೆ, ಇನ್ನೂ ಸ್ವಲ್ಪ ಹೊತ್ತು ನಿಂತರೆ ತಿಳಿದೀತು ಎನ್ನುವವನ ಹಾಗೆ. ಅವರಿಬ್ಬರೂ ನನಗೆ ಅವಸರ ಮಾಡಲಿಲ್ಲ.

ಕೊನೆಗೆ ಎಡಗೈಯದನ್ನು ತಂಗಿಗೆ ಕೊಟ್ಟೆ. ಅವಳು ಕೊಯ್ದಳು. ನಾನು ಕಾಗದ ನೋಡಿ ಪಾಸು ಎಂದೆ. ಬಲಗೈಯದರ ರಬ್ಬರಿಗೆ ಎಣ್ಣೆ ಸವರಿಕೊಂಡು, ಗೋಣಿಚೀಲದ ಮೇಲೆ ಮತ್ತೆ ಮಲಗಿದೆ.